ಸಂಪರ್ಕ: ಇದೆ / ಇಲ್ಲ

ಬ್ಲೀಚಿಂಗ್ ಪೌಡರ್ ಡಬ್ಬಿಯ ಮುಚ್ಚಳ ತೆಗೆದಾಗ ಗಂಜಿಯಕ್ಕನಿಗೆ ವಾಸನೆ ಬರಲಿಲ್ಲ. ಪುಡಿ ಹಳೆಯದಿರಬೇಕು ಎಂದುಕೊಂಡು ಮಾಸ್ಕ್ ಸರಿಸಿ, ಇನ್ನೂ ಬಗ್ಗಿ ಮೂಸಿದಳು. ಕಣ್ಣು ಉರಿದು ನೀರು ಬಂತು, ವಾಸನೆ ಮಾತ್ರ ಇಲ್ಲ. ತೊಟ್ಟಿಯ ಅಂಚಿನ ಮೇಲೆ ಕೂತುಬಿಟ್ಟಳು.

ಆಸ್ಪತ್ರೆಯ ನೆಲಮಾಳಿಗೆಯ ಆ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳದು ಹತ್ತೊಂಬತ್ತು ವರ್ಷದ ಕೆಲಸ. ಡಾಕ್ಟರುಗಳ ಬಿಳಿ ಕೋಟಿಗೆ ಅವಳು ಗಂಜಿ ಹಾಕಿದರೆ, ಕೋಟು ತಾನಾಗಿಯೇ ಎದ್ದು ವಾರ್ಡಿಗೆ ನಡೆದು ಹೋಗುತ್ತದೆ ಎಂದು ನರ್ಸುಗಳು ನಗುತ್ತಿದ್ದರು. ಹೆಸರು ಹುಟ್ಟಿದ್ದು ಹಾಗೆ. ಒಂದೇ ಕೋಣೆಯ ಮನೆಯಲ್ಲಿ ಈಗ ಅವಳ ಜೊತೆ ಎಂಟು ತಿಂಗಳ ಬಸುರಿ ಮಗಳಿದ್ದಳು. ಅಳಿಯ ಬೇರೆ ಊರಲ್ಲಿ ಸಿಕ್ಕಿಹಾಕಿಕೊಂಡಿದ್ದ.

ಮೂಗಿನ ವಾಸನೆ ಕದಿಯುವ ಆ ಕಾಯಿಲೆ ಊರಿಗೆ ಬಂದ ಮೇಲೆ ಸರ್ಕಾರದಿಂದ ದಿನಕ್ಕೊಂದು ಆದೇಶ. ಗುಮಾಸ್ತರು ಮೆಟ್ಟಿಲ ಮೇಲೆ ನಿಂತು ಅವನ್ನು ಓದಿ ಹೇಳುತ್ತಿದ್ದರು. ಆಸ್ಪತ್ರೆಯ ಕೆಲಸದವರು ಕಾರಣವಿಲ್ಲದೆ ಗೈರಾಗುವಂತಿಲ್ಲ. ಸೋಂಕಿತರ ಹತ್ತಿರ ಹೋಗಿ ಕೆಲಸ ಮಾಡಿದವರಿಗೆ ಆಸ್ಪತ್ರೆಯೇ ಬೇರೆ ಕೋಣೆ ಕೊಟ್ಟು, ಸಂಬಳ ಹಿಡಿಯದೆ ನೋಡಿಕೊಳ್ಳಬೇಕು. ಅದಕ್ಕಾಗಿ ದಿನಾ ಬೆಳಿಗ್ಗೆ ಎಲ್ಲರೂ ಒಂದು ಚೀಟಿ ತುಂಬಬೇಕು. ಸುಳ್ಳು ಬರೆದವರಿಗೆ ಶಿಕ್ಷೆ.

ಅವಳ ಎದೆಯಲ್ಲಿ ಕೂತದ್ದು ಕೊನೆಯ ಮಾತೊಂದೇ. ಚೀಟಿ ಶುರುವಾದ ಎಂಟು ದಿನವೂ ಒಂದೊಂದು ಅಕ್ಷರವನ್ನೂ ಕೂಡಿಸಿ ಓದಿ, ದೇವರ ಮುಂದೆ ನಿಂತವಳಂತೆ ತುಂಬಿದ್ದಳು. ಜ್ವರ: ಇಲ್ಲ. ಕೆಮ್ಮು: ಇಲ್ಲ. ಸಂಪರ್ಕ: ಇಲ್ಲ.

ತೊಟ್ಟಿಯಲ್ಲಿ ನೆನೆಯುತ್ತಿದ್ದವು ಏಳನೇ ಕೋಣೆಯ ಬೆಡ್‌ಶೀಟುಗಳು. ಆ ಕೋಣೆಯವರಿಗೆ ಸೋಂಕು ಖಚಿತವಾಯಿತೆಂದು ನರ್ಸು ಬೆಳಿಗ್ಗೆ ತಾನೆ ಕೂಗಿ ಹೇಳಿದ್ದಳು. ವಾರವಿಡೀ ಅವನ್ನು ಇವಳು ಬರಿಗೈಯಲ್ಲಿ ಕೊಡವಿದ್ದಳು. ದಿನಾ ಅದೇ ಕೈಯಲ್ಲಿ ಮಗಳ ತಲೆ ಬಾಚಿದ್ದಳು.

ಅವಳು ಆಫೀಸಿನ ಹೊಸ್ತಿಲಾಚೆಯೇ ನಿಂತು, ಬಾಯಿಗೆ ಸೆರಗು ಒತ್ತಿಕೊಂಡು, ವಾಸನೆ ಹೋದದ್ದನ್ನು ಹೇಳಿ ಬೇರೆ ಕೋಣೆ ಕೇಳಿದಳು. ಗುಮಾಸ್ತರು ಕುರ್ಚಿಯನ್ನು ಗೋಡೆಯವರೆಗೂ ಹಿಂದೆ ಸರಿಸಿ, ಫೈಲು ತೆರೆದರು.

"ಕೋಣೆ ಹೇಗೆ ಕೊಡೋದು ಗಂಜಿಯಕ್ಕ? ಎಂಟು ದಿನಾನೂ ಸಂಪರ್ಕ ಇಲ್ಲ ಅಂತ ನೀವೇ ಬರೆದಿದ್ದೀರಿ."

"ಇರಲಿಲ್ವಲ್ಲ ಸಾರ್. ಫೋನು ತೊಟ್ಟಿಗೆ ಬಿದ್ದು ಸತ್ತೇ ಹೋಯ್ತು."

"ಫೋನಿಗೂ ಇದಕ್ಕೂ ಏನು ಸಂಬಂಧ?"

"ಸಂಪರ್ಕ ಅಂದ್ರೆ ಫೋನ್ ನಂಬರ್ ಅಲ್ವಾ? ರೇಷನ್ ಅರ್ಜೀಲಿ, ಗ್ಯಾಸ್ ಅರ್ಜೀಲಿ, ಎಲ್ಲಾ ಕಡೆ ಅದೇ ತಾನೆ ಕೇಳೋದು?"

ಗುಮಾಸ್ತರ ಬೆರಳು ಹಾಳೆಯ ಮೇಲೆ ನಿಂತಿತು. ಅವರು ಬೇರೆಯವರ ಚೀಟಿಗಳನ್ನು ತಿರುವಿದರು. ಅಡುಗೆಯವನು ಬರೆದಿದ್ದ: 'ಇದೆ. ಎರಡು ಸಿಮ್.' ಕಾವಲುಗಾರ ನಂಬರ್ ಕೊಟ್ಟು, ಕೆಳಗೆ 'ಊಟದ ಹೊತ್ತಲ್ಲಿ ಮಾಡಬೇಡಿ' ಎಂದು ಸೇರಿಸಿದ್ದ. ನಗಬೇಕಾದ ಗುಮಾಸ್ತರ ಮುಖ ಬಿಳಿಚಿಕೊಂಡಿತು. ಸರ್ಕಾರದ ನಮೂನೆಯಲ್ಲಿದ್ದದ್ದು 'ಸೋಂಕಿತ ವ್ಯಕ್ತಿಯೊಂದಿಗೆ ನಿಕಟ ಸಂಪರ್ಕ' ಎಂದು. ಒಂದು ಹಾಳೆಯಲ್ಲಿ ನಾಲ್ಕು ಚೀಟಿ ಹಿಡಿಸಲೆಂದು ಅದನ್ನು ಒಂದೇ ಪದಕ್ಕೆ ಇಳಿಸಿದ್ದವರು ಅವರೇ.

"ನೋಡಿ," ಅವರು ದನಿ ತಗ್ಗಿಸಿದರು, "ಸುಮ್ನೆ ಮನೆಗೆ ಹೋಗಿಬಿಡಿ. ತಲೆನೋವು ಅಂತ ರಜೆ ಬರ್ಕೋತೀನಿ. ಇದು ಮೇಲಕ್ಕೆ ಹೋದ್ರೆ ನಿಮಗೂ ಕಷ್ಟ, ನನಗೂ ಕಷ್ಟ."

"ಮನೇಗಾ? ಒಂದೇ ಕೋಣೆ ಸಾರ್. ಒಂದೇ ಕಿಟಕಿ. ಅದರ ಕೆಳಗೇ ಮಗಳು ಮಲಗೋದು."

"ನಾನೇನು ಮಾಡ್ಲಿ ಹೇಳಿ?"

ಶಿಕ್ಷೆ ಎಂಬ ಪದಕ್ಕೆ ಎಂಟು ದಿನ ನಡುಗಿದವಳು ಅಲ್ಲೇ ನೆಲದ ಮೇಲೆ ಕೂತಳು. "ಹಾಗಾದ್ರೆ ಸುಳ್ಳು ಬರೆದ್ಲು ಅಂತಾನೇ ಬರ್ಕೊಳ್ಳಿ. ಹಿಡ್ಕೊಂಡು ಹೋಗ್ಲಿ. ಜೈಲಲ್ಲಾದ್ರೂ ಬೇರೆ ಕೋಣೆ ಇರುತ್ತಲ್ಲ. ಮನೆಗೆ ಮಾತ್ರ ಹೋಗಲ್ಲ."

ಗುಮಾಸ್ತರು ಹೊಸ ಹಾಳೆ ಎಳೆದುಕೊಂಡು ಮೇಲಿನವರಿಗೆ ಬರೆಯತೊಡಗಿದರು. ಈ ಸಲ ಯಾವ ಪದವನ್ನೂ ಕತ್ತರಿಸಲಿಲ್ಲ. 'ಚೀಟಿಯಲ್ಲಿನ ತಪ್ಪು ನನ್ನದು' ಎಂಬ ಸಾಲಿನ ಕೆಳಗೆ ಹಾಕಿದ ರುಜು ಮಾತ್ರ ಸೊಟ್ಟಗಾಯಿತು.

ಸಂಜೆಯೊಳಗೆ ಹಳೆಯ ಎಕ್ಸ್‌ರೇ ಕೋಣೆಯಲ್ಲಿ ಅವಳಿಗೊಂದು ಮಂಚ ಬಿತ್ತು. ದಿಂಬಿನ ಕವರ್ ಅವಳೇ ಗಂಜಿ ಹಾಕಿದ್ದು. ಮುಖವಿಟ್ಟು ಮೂಸಿದಳು. ಏನೂ ಇಲ್ಲ.

ಹಿಂದಿನ ಸಂಜೆಯಂತೆಯೇ ಮಾರನೆಯ ಬೆಳಿಗ್ಗೆಯೂ ಗುಮಾಸ್ತರು ತಮ್ಮ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಿಟಕಿಯಿಂದ ಕೊಟ್ಟು, ಹತ್ತು ಹೆಜ್ಜೆ ದೂರ ಹೋಗಿ ನಿಂತರು.

"ಮೈಸೋಪು ತಗೊಂಡು ಮೂಸಿ ನೋಡು," ಎಂದಳು, ಪಕ್ಕದ ಮನೆಯವರ ಫೋನು ಹಿಡಿದಿದ್ದ ಮಗಳಿಗೆ.

"ನಿನ್ನೇನೂ ಇದೇ ಕೇಳ್ದೆ. ಪಕ್ಕದ್ಮನೆ ಅತ್ತೆ ಫೋನಿಟ್ಟ ಮೇಲೂ ನಗ್ತಾ ಇದ್ರು. ಸೋಪು ಮಾರೋ ಕೆಲ್ಸ ಹಿಡಿದ್ಯೇನಮ್ಮ?"

"ಮೂಸು ಮೊದ್ಲು."

ಚಪ್ಪಲಿಯ ಸಪ್ಪಳ ಬಚ್ಚಲ ಕಡೆ ಹೋಯಿತು. ಭಾರದ, ನಿಧಾನದ ಹೆಜ್ಜೆ. ನೀರಿನ ತಂಬಿಗೆ ಎಲ್ಲೋ ಉರುಳಿತು. ಗಂಜಿಯಕ್ಕ ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡಳು.

"ಬರ್ತಿದೆ ಕಣಮ್ಮ."

"ನಿಜವಾಗ್ಲೂ? ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

ಅತ್ತ ಕಡೆ ಸೋಪಿನ ಡಬ್ಬಿ ಮುಚ್ಚಿದ ಸದ್ದು. "ಬರ್ತಿದೆ ಅಂದ್ನಲ್ಲಮ್ಮ."

ನಾಳೆ ವಾಸನೆ ಬರ್ತಿದೆಯಾ ಎಂದಲ್ಲ, ಅದು ಯಾವ ವಾಸನೆ ಎಂದೇ ಕೇಳಬೇಕು, ಆಗ ಸಮಾಧಾನಕ್ಕೆ ಹೇಳಲಾಗದು ಎಂದುಕೊಳ್ಳುತ್ತ ಅವಳು ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು.