ಕುದುರೆ, ಕತ್ತೆ ಒಂದೇ ಜಾತಿ

ನನ್ನ ತಂಗಿ ಹುಮನಾಬಾದಿನ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು ಮಂಠಾಳದಲ್ಲಿ ಕೂಲಿಗೆ ಹೋದವಳು. ಅವಳು ಹೊಸ ಬಾಡಿಗೆ ಕೋಣೆ ಹಿಡಿದ ವಾರ, ತೊಗರಿ ಹೊಲದ ಕಳೆ ಮುಗಿಸಿ, ಬಸವಕಲ್ಯಾಣದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದೆ. ಚೀಲದಲ್ಲಿ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಅವಳ ಗೋಡೆಗೆಂದು ನಮ್ಮ ಮನೆಯ ಬುದ್ಧನ ಫೋಟೊ ಇದ್ದವು. ಸೊಂಟ ಹಿಡಿದುಕೊಂಡಿತ್ತು. ಮಾತು ಕೂಡ ಬೇಡವಾಗಿತ್ತು.

ಮನೆ ಮಾಲಕಿ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟರು. ಅಂಗಳದಲ್ಲಿ ತಂಗಿ ಓಣಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಹಳೆಯ ಲಗ್ನಪತ್ರಿಕೆಗಳ ಹಿಂದೆ ಪ್ರಾಣಿಗಳ ಚಿತ್ರ ಅಂಟಿಸಿದ್ದಳು; ಮಕ್ಕಳು ಅವನ್ನು ಗುಂಪು ಮಾಡಬೇಕು. ಮಾಲಕಿಯ ಮೊಮ್ಮಗಳು ಬಾವಲಿಯನ್ನು ಕಾಗೆಯ ಪಕ್ಕ ಇಟ್ಟಳು.

“ಹಾರತದಲ್ರಿ ಟೀಚರ್!”

“ಹಾರೋದು ನೋಡಬ್ಯಾಡ,” ಎಂದಳು ತಂಗಿ. “ಮರಿಗಿ ಹಾಲು ಕುಡಸ್ತದೋ ಇಲ್ಲೋ ನೋಡು. ವಿಜ್ಞಾನಿಗಳು ಹಾಂಗ ನೋಡ್ತಾರ.”

ವರ್ಗ, ಗಣ, ಕುಟುಂಬ ಎಂದು ಗುಂಪು ಸಣ್ಣದಾಗುತ್ತ ಹೋಗಿ ಜಾತಿಗೆ ಬಂತು. ಇಂಗ್ಲಿಷಿನ ಜೀನಸ್‌ಗೆ ಪುಸ್ತಕದಲ್ಲಿದ್ದ ಶಬ್ದವೇ ಅದು. ಕುದುರೆ, ಕತ್ತೆ ಒಂದೇ ಜಾತಿ ಎಂದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು.

“ಕುದುರಿ ಒಪ್ಪತದೇನ್ರಿ?” ಎಂದಳು ಮೊಮ್ಮಗಳು.

“ಕುದುರಿಗಿ ಯಾರೂ ಕೇಳಂಗಿಲ್ಲ. ಮನುಷ್ಯಾರೂ ಹಾಂಗೇ. ನಂದೂ ನಿಂದೂ ಒಂದೇ ಜಾತಿ.”

ಅಕ್ಕಿ ಆರಿಸುತ್ತಿದ್ದ ಮಾಲಕಿ ತಾವೂ ನಕ್ಕು, ನನ್ನ ಕಡೆ ತಿರುಗಿದರು. “ಖರೇ, ಕೇಳೋದೇ ಮರ್ತಿದ್ದೆ ನೋಡವ್ವ. ನೀವು ಯಾವ ಜಾತೀವ್ರು?”

ಕೈಯಲ್ಲಿ ಅವರ ಮನೆಯ ಲೋಟವಿತ್ತು. ಅರ್ಧ ಚಹಾ ಉಳಿದಿತ್ತು. ನಮ್ಮದು ಹೇಳಿದರೆ ಲೋಟ ಕೆಳಗಿಟ್ಟು ಏಳಬೇಕಾಗುತ್ತದೆ ಅನ್ನಿಸಿತು. ನಾನು ಕಳೆ ತೆಗೆಯುವ ಹೊಲದ ಒಡೆಯರ ಜಾತಿಯ ಹೆಸರು ಹೇಳಿದೆ.

“ಹಾಂಗಂದ್ರ ನಮ್ಮವರೇ!” ಮಾಲಕಿ ಲೋಟಕ್ಕೆ ಇನ್ನಷ್ಟು ಚಹಾ ಸುರಿದರು.

ತಂಗಿಗೆ ಕೇಳಿಸಿತ್ತು. ಕೈಯಲ್ಲಿದ್ದ ಚಿತ್ರವನ್ನು ಎಲ್ಲಿಡಬೇಕೆಂದು ಒಂದು ಮಗು ಅವಳನ್ನು ಎರಡು ಸಲ ಕೇಳಬೇಕಾಯಿತು.

ಪಾಠ ಮುಗಿದ ಮೇಲೆ ತಂಗಿ ನನ್ನ ಹಿಂದೆಯೇ ಕೋಣೆಯೊಳಗೆ ಬಂದು ಬಾಗಿಲು ಮುಚ್ಚಿದಳು. “ಯಾಕಕ್ಕ?”

“ಖರೇ ಹೇಳಿದ್ರ ನಿನ್ನ ಬಾಡಿಗಿ ಖೋಲಿ ಹೋಗ್ತಿತ್ತು.”

“ಹೋದ್ರ ಬ್ಯಾರೆ ನೋಡ್ತಿದ್ದೆ. ಒಂದೇ ಜಾತಿ ಅಂತ ಪಾಠ ಹೇಳಿ ನಾಳಿ ಆ ಹುಡುಗಿ ಮುಂದ ಹ್ಯಾಂಗ ನಿಂದರ್ಲಿ?”

ಅವಳ ಕೋಣೆಗಾಗಿ ಸುಳ್ಳು ಹೇಳಿದೆನೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ಎಷ್ಟೋ ಕಟ್ಟೆಗಳಿಂದ ಎದ್ದು ಬಂದವಳಿಗೆ ಆ ಸಂಜೆ ಇನ್ನೊಮ್ಮೆ ಏಳುವುದು ಬೇಡವಾಗಿತ್ತು, ಅಷ್ಟೆ.

ಗೋಡೆಗೆ ಹಾಕಿದರೆ ನಾವು ಯಾರೆಂದು ಹೇಳಿಬಿಡುವ ಬುದ್ಧನ ಫೋಟೊವನ್ನು ಚೀಲದಿಂದ ತೆಗೆಯಲೇ ಇಲ್ಲ. ಮರುದಿನ ಹಾಗೆಯೇ ತೊಡೆಯ ಮೇಲಿಟ್ಟುಕೊಂಡು ಮಂಠಾಳಕ್ಕೆ ವಾಪಸು ತಂದೆ.

ತಂಗಿ ಈಗಲೂ ಅದೇ ಕೋಣೆಯಲ್ಲಿದ್ದಾಳೆ. ಮಕ್ಕಳೂ ಬರುತ್ತಾರೆ. ಆ ಪಾಠವನ್ನು ಮಾತ್ರ ಅಂಗಳದಲ್ಲಿ ಕುಟುಂಬದವರೆಗೆ ಹೇಳಿ, ಜಾತಿಗೆ ಬರುವ ಮೊದಲೇ ನಿಲ್ಲಿಸುತ್ತಾಳಂತೆ.