ತೆಂಗಿನ ಗರಿಯ ಮೇಲಿನ ಕೋಳಿಗಳು

ದಬ್ಬೇಘಟ್ಟದಲ್ಲಿ ನಾನು ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದಾಗ ಪಕ್ಕದ ತೆಂಗಿನ ತೋಟದ ಯಜಮಾನರೇ ನನಗೆ ನೆರೆಯವರು. ಮಂಡಿನೋವಿನ ಆಸಾಮಿ. "ಓಡೋದ್ನ ಬುಡು, ನಿಂತಿರೋದ್ನ ಹಿಡಿ" ಎನ್ನುವುದು ಅವರ ಮಾತು. ಬಸ್ಸಿಗೂ ಅದೇ, ಕೋಳಿಗೂ ಅದೇ. ನೆಂಟರು ಬಂದಾಗಲೆಲ್ಲ ಪಂಚೆ ಎತ್ತಿ ಕಟ್ಟಿ, ಮಂಕಾಗಿ ನಿಂತ ನಾಟಿಕೋಳಿಯನ್ನೇ ಹಿಡಿದು ಸಾರಿಗೆ ಕೊಡುತ್ತಿದ್ದರು.

ಜೀವವಿಕಾಸದ ಪಾಠವೆಂದರೆ ಅವರಿಗೆ ನಗು. "ನಿಮ್ಮಜ್ಜ ಕೋತಿ ಆಗಿದ್ರೆ ಇರ್ಲಿ ಮೇಷ್ಟ್ರೇ, ನಮ್ಮಜ್ಜ ಪಟೇಲ್ರು ಕಣ್ರೀ!"

ಹೀಗೇ ಏಳೆಂಟು ವರ್ಷ ಕಳೆದಿರಬೇಕು. ಒಂದು ಭಾನುವಾರ ಹುಳಿಯಾರಿನಿಂದ ಹೊಸ ಬೀಗರು ಬಂದರು. ಮುದ್ದೆಗೆ ಎಸರಿಟ್ಟಾಗಿತ್ತು, ಮಸಾಲೆ ರುಬ್ಬಿಯಾಗಿತ್ತು. ಯಜಮಾನರು ಅಂಗಳಕ್ಕೆ ಇಳಿದದ್ದೇ ತಡ, ಅಷ್ಟೂ ಕೋಳಿಗಳು ಹೆಂಚಿನ ಮೇಲೆ ಹಾರಿ, ಅಲ್ಲಿಂದ ತೆಂಗಿನ ಗರಿಯ ಮೇಲೆ ಹೋಗಿ ಕೂತವು. ಕಾಯಿ ಕೀಳುವವನನ್ನು ಕರೆಸಿ ಮರ ಹತ್ತಿಸಿದರೆ ಪಕ್ಕದ ಮರಕ್ಕೆ ಹಾರಿದವು. ಬೀಗರು ಕತ್ತೆತ್ತಿ ನೋಡುತ್ತಲೇ ಇದ್ದರು. ಒಳಗೆ ಯಜಮಾನರ ಹೆಂಡತಿ ಬದನೆಕಾಯಿ ಹೆಚ್ಚತೊಡಗಿದರು.

"ನಮ್ಮ ಪಾಠದಲ್ಲಿರೋದೂ ಇದೇ ಯಜಮಾನ್ರೇ," ಎಂದೆ ನಾನು. "ಸಿಕ್ಕಿದ್ದನ್ನೆಲ್ಲ ನೀವು ತಿಂದ್ರಿ. ತಪ್ಪಿಸ್ಕೊಂಡವು ಮರಿ ಮಾಡಿದ್ವು. ಮರಿಗಳೂ ತಾಯಿ ಥರಾನೇ ಚುರುಕಾದ್ವು. ತಲೆಮಾರು ಕಳೆದಂಗೆ ಕುಲವೇ ಬದಲಾಯ್ತು."

ಅವರು ಮರದ ಕಡೆ ಬೆರಳು ತೋರಿಸಿದರು.

"ಅಂದ್ರೆ ಇವನ್ನ ಹಿಂಗೆ ಮಾಡಿದ್ದು ನಾನಾ?"

ಹೌದೆಂದೆ. ಹೆಗಲ ಮೇಲಿನ ಟವೆಲ್ ಕೊಡವಿ, ಎದೆಯುಬ್ಬಿಸಿ ಬೀಗರತ್ತ ತಿರುಗಿದರು.

"ಕೋಳಿ ಸಾರು ಎಲ್ಲಾದ್ರೂ ಸಿಗ್ತದೆ ಬುಡಿ ಬೀಗ್ರೇ. ಇಂಥಾ ಕೋಳಿ ನಿಮ್ಮ ಹುಳಿಯಾರಲ್ಲಿ ಐತಾ?"