ಫೋಟೊ ಖೋಲಿಯಲ್ಲಿ ಹಿರಿಯಳಾಗಿ ಕೂತು ಬಂದದ್ದು

ಹೈದರಾಬಾದಿಗೆ ಹೋಗಿ ಏನು ಮಾಡಿ ಬಂದಿರಿ ಎಂದು ಓಣಿಯವರು ಕೇಳುತ್ತಾರೆ. ಒಂದು ಹುಡುಗಿಯ ಕಾಲೇಜು ಬಿಡಿಸಿದೆವು, ನಾನು ಮತ್ತು ನನ್ನ ಮೊಮ್ಮಗಳು ವೀಣಾ. ಬೇಕೆಂದು ಮಾಡಲಿಲ್ಲ. ಆದರೆ ಆದದ್ದು ಅದೇ. ಉಳಿದದ್ದು ರೈಲಿನ ಮಾತು, ಊಟದ ಮಾತು. ಅದನ್ನೂ ಹೇಳುತ್ತೇನೆ.

ವೀಣಾ ನನ್ನ ಮಗನ ಮಗಳು. ಗುಲ್ಬರ್ಗದಲ್ಲಿ ಮದುವೆ ಫೋಟೊ ತೆಗೆದು ಕೈ ಪಳಗಿಸಿಕೊಂಡವಳು. ಹೈದರಾಬಾದಿಗೆ ಹೋಗಿ ಹಿಮಾಯತ್‌ನಗರದಲ್ಲಿ ರೀಲು ತೊಳೆಯುವ ಅಂಗಡಿಯೊಂದರ ಮೇಲಿನ ಖೋಲಿ ಹಿಡಿದಿದ್ದಳು. ಸೀರೆ, ಒಡವೆಯ ಜಾಹೀರಾತಿಗೆ ನಿಲ್ಲುವ ಮಾಡೆಲ್ ಹುಡುಗಿಯರ ಫೋಟೊ ತೆಗೆಯಬೇಕೆಂದು ಅವಳ ಹಟ. ಆ ಕೆಲಸ ಕೇಳಲು ಹೋದರೆ ಮೊದಲು ತೆಗೆದದ್ದನ್ನು ತೋರಿಸು ಅನ್ನುತ್ತಾರಂತೆ. ಇವಳ ಹತ್ತಿರ ಇದ್ದದ್ದು ಬಾಸಿಂಗ ಕಟ್ಟಿದ ಮುಖಗಳು ಮಾತ್ರ. ಹೆಸರಾದ ಮಾಡೆಲ್‌ಗಳಿಗೆ ಕೊಡಲು ರೊಕ್ಕ ಇಲ್ಲ. ಹೊಸ ಹುಡುಗಿಯರಾದರೆ ಕೂಲಿ ಕೇಳುವುದಿಲ್ಲ, ಇವಳು ಫೋಟೊದ ಬೆಲೆ ಕೇಳುವುದಿಲ್ಲ. ಅದು ಆ ಧಂಧೆಯ ಪದ್ಧತಿ. ಆದರೆ ಒಂಟಿ ಹುಡುಗಿಯ ಖೋಲಿಗೆ ಯಾವ ತಾಯಿಯೂ ಮಗಳನ್ನು ಕಳಿಸಲಿಲ್ಲ.

ಊರಿನ ನಮ್ಮ ಪಕ್ಕದ ಮನೆಗೆ ವೀಣಾ ಫೋನು ಮಾಡಿದಳು. "ಆಯಿ, ನೀ ಬಂದು ಸುಮ್ನ ಕುಂದ್ರು ಸಾಕು. ಹಿರಿಯರು ಅದಾರ ಅಂದ್ರ ಕಳಿಸ್ತಾರ."

ನಾನು ಮೂರನೇ ಇಯತ್ತೆ ಓದಿದವಳು. ಕೂಡಲು ಓದು ಬೇಕಾಗುವುದಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಪ್ಯಾಸೆಂಜರ್ ಗಾಡಿ ಹತ್ತಿದೆ.

ವಾಡಿಯಲ್ಲಿ ಗಾಡಿ ಭಾಳ ಹೊತ್ತು ನಿಂತಿತು. ಅಲ್ಲಿಯ ಚಹಾ ಪಾತ್ರೆ ತೊಳೆದ ನೀರಿನಂತಿತ್ತು. ತಾಂಡೂರಿನಲ್ಲಿ ಹಾಸುಗಲ್ಲು ಹೊರುವ ಮಂದಿ ಹತ್ತಿದರು, ಹುಬ್ಬಿನವರೆಗೆ ಬಿಳಿ ಧೂಳು. ಎದುರಿಗೆ ಕೂತ ಹೆಂಗಸು ಎಲ್ಲಿಗೆ ಎಂದಳು. ಫೋಟೊ ತೆಗೆಯುವಲ್ಲಿ ಕೂಡಲು ಹೊರಟಿದ್ದೇನೆ ಎಂದೆ. "ನಿಮ್ಮ ಫೋಟೊನಾ?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ಫೋಟೊ ಯಾರಿಗೆ ಬೇಕವಾ? ಸತ್ತ ಮ್ಯಾಲೆ ಬೇಕಾಗ್ತೈತಿ" ಎಂದೆ. ವಿಕಾರಾಬಾದಿನಲ್ಲಿ ಇಳಿಯುವಾಗ ನನ್ನ ಉಡಿಗೆ ಎರಡು ಸೀತಾಫಲ ಹಾಕಿ ಹೋದಳು.

ಬೇಗಂಪೇಟೆಯಲ್ಲಿ ಇಳಿದಾಗ ವಿಮಾನವೊಂದು ತಲೆ ಸವರಿಕೊಂಡು ಹೋದಂತೆ ಹೋಯಿತು. ಕರೆಯಲು ಬಂದಿದ್ದ ವೀಣಾ ಆಟೋದವನ ಜೊತೆ ಹಿಂದಿಯಲ್ಲಿ ಜಗಳಾಡಿದಳು, ಅವನು ತೆಲುಗಿನಲ್ಲಿ ಬೈದ. ಕಡೆಗೆ ಅವನು ಕೇಳಿದ್ದನ್ನೇ ಕೊಟ್ಟೆವು. ಖೋಲಿಯ ಮೆಟ್ಟಿಲು ಕಡಿದು. ಒಮ್ಮೆ ಹತ್ತಿದವಳು ಮೊಣಕಾಲು ನೋವಿಗೆ ಭಾಳ ದಿನ ಇಳಿಯಲಿಲ್ಲ. ಅದಕ್ಕೇ ಕೆಳಗೆ ಅಂಗಡಿಯ ಮುಂದೆ ಏನಿತ್ತೋ ನಾನು ನೋಡಲಿಲ್ಲ.

ಮೊದಲು ನನ್ನನ್ನೇ ಕೂರಿಸಿ ಕಲಿತಳು. ಬಿಳಿ ಛತ್ರಿಯ ಒಳಗೊಂದು ದೀಪ, ಇನ್ನೊಂದು ಕಡೆ ಥರ್ಮಾಕೋಲಿನ ಹಲಗೆ. ಹಲಗೆ ಹತ್ತಿರ ತಂದರೆ ಗಲ್ಲದ ನೆರಳು ಹೋಗುತ್ತದೆ, ದೂರ ಒಯ್ದರೆ ಮುಖ ಅರ್ಧ ಕಪ್ಪಾಗುತ್ತದೆ. ಎರಡು ದಿನಕ್ಕೆ ಹಲಗೆ ಹಿಡಿಯುವುದು ನನಗೂ ಬಂತು.

ಆಮೇಲೆ ಮಂಜುಳಾ ಬಂದಳು, ತಾಯಿ ಸುಭದ್ರಮ್ಮನ ಜೊತೆ. ಬೀದರ್ ಕಡೆಯವರು, ಬೇಗಂ ಬಜಾರಿನಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ, ಅಂಗಡಿಯ ಮೇಲೇ ಮನೆ. ಹುಡುಗಿ ಎತ್ತರ, ಕಾಲೇಜಿನ ಎರಡನೇ ವರ್ಷ. ಸೀರೆ ಅಂಗಡಿಯ ಜಾಹೀರಾತಿಗೆ ನಿಲ್ಲಬೇಕೆಂದು ಅವಳಿಗೆ ಆಸೆ. ತಂದೆಗೆ ಗೊತ್ತಿರಲಿಲ್ಲ.

"ದೀಪಾವಳಿ ವ್ಯಾಪಾರ ಮುಗೀಲಿ ಅಮ್ಮಾರ" ಎಂದಳು ಸುಭದ್ರಮ್ಮ. "ಆಗ ಅವರ ತಲಿ ತಣ್ಣಗಿರ್ತೈತಿ. ನಾನೇ ಫೋಟೊ ತೋರಿಸಿ ಕೇಳ್ತೀನಿ. ಅಲ್ಲೀತನಕ ಒಂದು ಫೋಟೊನೂ ಹೊರಗ ಹೋಗಬಾರದು. ನೀವಿದ್ದೀರಿ ಅಂತ ಬಿಟ್ಟು ಹೋಗ್ತೀನಿ."

"ಹೋಗಂಗಿಲ್ಲ" ಎಂದೆ. ವೀಣಾ ಕೂಡ ತಲೆಯಾಡಿಸಿದಳು.

ಹುಡುಗಿ ದೀಪದ ಮುಂದೆ ಕಂಬದಂತೆ ನಿಂತಳು. ವೀಣಾಗೂ ಏನು ಹೇಳಿ ಸಡಿಲ ಮಾಡಬೇಕೋ ತಿಳಿಯದು. ಗದ್ದ ಎತ್ತು, ಗದ್ದ ಇಳಿಸು, ಅಷ್ಟೇ. ಅರ್ಧ ರೀಲು ಹಾಗೇ ಹೋಯಿತು. ನನಗೆ ಹಲಗೆ ಹಿಡಿದು ಕೈ ಸೋತಿತ್ತು.

"ಸೀರಿ ಅಂಗಡಿ ಬೊಂಬಿ ಹಂಗ ನಿಂತೀಯಲ್ಲ" ಎಂದೆ. "ಅದಕ್ಕೂ ಪಗಾರ ಇಲ್ಲ, ನಿನಗೂ ಇಲ್ಲ."

"ಬೊಂಬಿಗೆ ಹಸಿವಿ ಆಗಂಗಿಲ್ಲ ಆಯಿ, ನನಗ ಆಗೇತಿ" ಎಂದು ಬಾಯಿಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ನಕ್ಕುಬಿಟ್ಟಳು. ವೀಣಾ ಗುಂಡಿ ಒತ್ತಿದಳು. ಆ ಫೋಟೊ ಚೆನ್ನಾಗಿ ಬಂತು. ಚೆನ್ನಾಗಿ ಬಂದದ್ದೇ ಕೆಟ್ಟದ್ದಾಯಿತು.

ಕೆಳಗಿನ ಅಂಗಡಿಯವನು ಅದನ್ನು ದೊಡ್ಡದು ಮಾಡಿ ಅಂಗಡಿಯ ಮುಂದಿನ ಗಾಜಿನ ಕಪಾಟಿನಲ್ಲಿ ಇಡೋಣ, ನಿನಗೂ ಗಿರಾಕಿ ಬರುತ್ತಾರೆ ಎಂದನಂತೆ. ವೀಣಾ ಹೂಂ ಎಂದಳು. ನನಗೆ ಹೇಳಲಿಲ್ಲ. ಆ ವಾರವೇ ಮಂಜುಳಾಳ ತಂದೆ ಗಿರಾಕಿಯೊಬ್ಬರ ಮನೆಗೆ ಪಾತ್ರೆ ಮುಟ್ಟಿಸಲು ಆ ರಸ್ತೆಗೆ ಬಂದ. ಮಗಳು ಗಾಜಿನ ಹಿಂದೆ ನಗುತ್ತಿದ್ದಳು.

ಸುಭದ್ರಮ್ಮ ಫೋನಿನಲ್ಲಿ ಅತ್ತ ಮೇಲೆ ನನಗೆ ಗೊತ್ತಾಯಿತು. ಮೆಟ್ಟಿಲನ್ನು ಕೂತು ಕೂತು ಇಳಿದೆ. ಮಂಜುಳಾಳ ಮನೆಗೆ ಹೊರಟ ಬಸ್ಸಿನಲ್ಲಿ ವೀಣಾ ಅಂದಳು, "ಫೋಟೊದ ಕೆಳಗ ಹೆಸರು ಹಾಕಿರಲಿಲ್ಲ ಆಯಿ. ನಮ್ಮೂರಾಗ ಗಾಜಿನಾಗ ಫೋಟೊ ಇಡ್ರಿ ಅಂತ ಮಂದಿ ಬೆನ್ನು ಹತ್ತಿದ್ರು."

"ಅಲ್ಲಿ ಅವರು ಕೇಳಿದ್ರು. ಇಲ್ಲಿ ನೀ ಕೇಳಲಿಲ್ಲ."

ಬೇಗಂ ಬಜಾರಿನಲ್ಲಿ ಹಬ್ಬದ ಗದ್ದಲ. ಕೈಗಾಡಿ, ಮೆಣಸಿನಕಾಯಿಯ ಘಾಟು, ಕಾಲಿಡಲು ಜಾಗವಿಲ್ಲ. ಮಂಜುಳಾಳ ತಂದೆ ಗಿರಾಕಿಗಳಿಗೆ ಕೊಡಪಾನ ತೋರಿಸುತ್ತಿದ್ದ. ನಾವು ಯಾರೆಂದು ಹೇಳಿದೆ. ಗಿರಾಕಿ ಹೋಗುವವರೆಗೂ ನಮ್ಮನ್ನು ನಿಲ್ಲಿಸಿದ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನೀವು ಕುಂತಿದ್ರಂತ, ಹೌದೇನ್ರಿ?"

"ಹೌದು."

"ಹುಡುಗಿ ಬುದ್ಧಿ ಹುಡುಗಿಗೆ. ನೀವು ಯಾಕ ಕುಂತಿದ್ರಿ ಮತ್ತ?"

ಮಂಜುಳಾ ಎಲ್ಲಿ ಎಂದೆ. ಹುಮನಾಬಾದಿಗೆ, ಸೋದರತ್ತೆಯ ಮನೆಗೆ ಕಳಿಸಿ ಆಗಿತ್ತು. ಅತ್ತೆಯ ಮಗನಿಗೇ ಕೊಡುವುದೆಂದು ಮಾತು ಮುಗಿದಿತ್ತು. ಕಾಲೇಜಿನ ಸುದ್ದಿ ಎತ್ತಿದರೆ, "ಫೋಟೊ ಊರೆಲ್ಲ ನೋಡೇತಿ, ಸಾಕು" ಎಂದ.

ರೀಲು ಕೇಳಿದ. ವೀಣಾ ಚೀಲದಿಂದ ತೆಗೆದು ಕೊಟ್ಟಳು, ಫೋಟೊಗಳನ್ನೂ ಕೊಟ್ಟಳು. ಕೆಲಸ ಕೇಳುವಾಗ ತೋರಿಸಲು ಅವಳಲ್ಲಿ ಇದ್ದದ್ದು ಅಷ್ಟೇ. "ಇಷ್ಟು ಕೊಟ್ರ ಹುಡುಗೀನ ಕರಸ್ತೀರೇನ್ರಿ?" ಎಂದಳು. ಅವನು ಎಲ್ಲವನ್ನೂ ಒಂದು ಹೊಸ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದ. ಮೇಲಿನ ಮೆಟ್ಟಿಲ ಮೇಲೆ ಸುಭದ್ರಮ್ಮ ನಿಂತಿದ್ದಳು. ಕೆಳಗೆ ಬರಲಿಲ್ಲ.

"ನಿಮ್ಮನ್ನ ನೋಡಿ ಕಳಿಸಿದ್ದೆ ಅಮ್ಮಾರ" ಎಂದಳು. ಒಳಗೆ ಹೋದಳು.

ಮರುದಿನ ಬೆಳಗ್ಗೆ ನಾನು ಗಂಟು ಕಟ್ಟುತ್ತಿದ್ದೆ. ಬಾಗಿಲಲ್ಲಿ ಇನ್ನೊಬ್ಬ ತಾಯಿ, ಇನ್ನೊಬ್ಬ ಮಗಳು. ಬೇಗಂಪೇಟೆಯವರು, ನಮ್ಮ ಕಡೆಯ ಮಾತಿನವರೇ. ವೀಣಾ ಹಿಂದೆಯೇ ಬರಹೇಳಿದ್ದಳು, ಗದ್ದಲದಲ್ಲಿ ಮರೆತಿದ್ದಳು. ಹುಡುಗಿ ಆಗಲೇ ಗೋಡೆಯ ಕನ್ನಡಿಯಲ್ಲಿ ಜಡೆ ಸರಿಮಾಡಿಕೊಳ್ಳುತ್ತಿದ್ದಳು.

"ಹಿರಿಯರು ಅದೀರಲ್ಲ, ಚಿಂತಿ ಇಲ್ಲ ಬಿಡ್ರಿ" ಎಂದಳು ತಾಯಿ.

ವೀಣಾ ನನ್ನ ಮುಖ ನೋಡಿದಳು. ಸುಮ್ಮನಿರು ಎಂದು ಬಾಯಲ್ಲಿ ಹೇಳಲಿಲ್ಲ, ಕಣ್ಣಲ್ಲಿ ಹೇಳಿದಳು.

"ಕುಂದ್ರಿ" ಎಂದೆ. ಮೊದಲಿನಿಂದ ಕಡೆಯವರೆಗೆ ಎಲ್ಲ ಹೇಳಿದೆ. ಹುಡುಗಿಯ ಹೆಸರು, ಅಂಗಡಿಯ ಗುರುತು ಮಾತ್ರ ಬಿಟ್ಟೆ. ತಾಯಿ ಕೇಳುತ್ತಾ ಕೇಳುತ್ತಾ ಎದ್ದು ನಿಂತಳು. ಮಗಳ ಕೈ ಹಿಡಿದಳು. ಮೆಟ್ಟಿಲ ಮೇಲೆ ಅವರ ಚಪ್ಪಲಿ ಸಪ್ಪಳ ರಸ್ತೆಯವರೆಗೂ ಕೇಳಿತು.

"ಇನ್ನ ಮ್ಯಾಲೆ ಕೇಳೇ ಫೋಟೊ ಇಡತಿದ್ದೆ ಆಯಿ" ಎಂದಳು ವೀಣಾ.

"ಹಂಗಂತ ನೀನೇ ಮಂದಿಗೆ ಹೇಳು. ನನ್ನ ಮಾತಿಗಿದ್ದ ಬೆಲಿ ನಿನ್ನೆಗೇ ತೀರಿತು."

ದೀಪದ ಪಕ್ಕದ ನನ್ನ ಕುರ್ಚಿ ಮಡಚಿ ಗೋಡೆಗೆ ಆನಿಸಿದೆ. ಗಂಟು ಎತ್ತಿಕೊಂಡೆ.